ದೆಹುವಾದ ಬಿಳಿ ಧೂಪದಾನಿ: ನಾಲ್ಕು ಚೂರು, ಒಂದೇ ಸಿಂಹಮುಖ

ಬಾಯಿಯ ವ್ಯಾಸ 13 ಸೆಂ.ಮೀ., ಎತ್ತರ 8.5 ಸೆಂ.ಮೀ., ಗೋಡೆಯ ದಪ್ಪ ಕಂಠದಲ್ಲಿ 4 ಮಿ.ಮೀ., ತಳದ ಹತ್ತಿರ 8 ಮಿ.ಮೀ. ಉಬ್ಬಿದ ಹೊಟ್ಟೆ, ಹೊರಕ್ಕೆ ಬಾಗಿದ ಬಾಯಿ, ಗಿಡ್ಡ ಪಾದ. ಚೀನಾದ ಪ್ರಾಚೀನ ಕಂಚಿನ ‘ಗ್ವೇ’ ಪಾತ್ರೆಯ ಆಕಾರವನ್ನು ಪಿಂಗಾಣಿಗೆ ಇಳಿಸಿದ ಧೂಪದಾನಿ. ಫೂಜಿಯಾನ್ ಪ್ರಾಂತ್ಯದ ದೆಹುವಾದ್ದು. ಮಿಂಗ್ ರಾಜವಂಶದ ಕೊನೆಗಾಲ ಇಲ್ಲವೇ ಛಿಂಗ್ ರಾಜವಂಶದ ಆರಂಭ, ಅಂದರೆ 17ನೇ ಶತಮಾನದ ಆಸುಪಾಸು. ರಿಪೇರಿಯ ಮೇಜಿಗೆ ಬಂದಾಗಿನ ಸ್ಥಿತಿ ಹೀಗಿತ್ತು: ಒಡಲು ನಾಲ್ಕು ಚೂರಾಗಿದ್ದು, ಬೇರೆ ಬೇರೆ ಕಾಲದಲ್ಲಿ ಎರಡು ಬಗೆಯ ಅಂಟಿನಿಂದ ಕೂಡಿಸಲಾಗಿದೆ. ಬಾಯಂಚಿನಲ್ಲಿ 14 × 6 ಮಿ.ಮೀ. ಚಕ್ಕೆ ಹಾರಿದೆ. ಸಿಂಹಮುಖದ ಎರಡು ಹಿಡಿಗಳಲ್ಲಿ ಒಂದು ಇಲ್ಲ. ಅದಿದ್ದ ಜಾಗದಲ್ಲಿ ಗ್ಲೇಜ್ (ಗಾಜಿನಂಥ ಹೊರಲೇಪ) ಇಲ್ಲದ ಒರಟು ಗುರುತು. ಒಳಗೆ ಬೂದಿ, ಗೋಡೆಗೆ ಧೂಪದ ಜಿಡ್ಡು ಗಟ್ಟಿಯಾಗಿ ಕೂತ ಕಪ್ಪು ಪೊರೆ.

ಕೈಹಾಕುವ ಮುನ್ನ ವಸ್ತು ಹಳೆಯದೇ ಎಂದು ಖಾತ್ರಿಯಾಗಬೇಕು. ದೆಹುವಾದಲ್ಲಿ ಇಂದಿಗೂ ಪಿಂಗಾಣಿ ಸುಡುತ್ತಾರೆ, ಇದೇ ಆಕಾರಗಳೂ ಬರುತ್ತವೆ. ಒಡೆದ ಪಾತ್ರೆಯ ಒಂದು ಅನುಕೂಲವೆಂದರೆ ಮುರಿದ ಅಂಚೇ ಸಾಕ್ಷಿ ಹೇಳುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದರೆ ಹಳೆಯ ದೆಹುವಾದಲ್ಲಿ ಮಣ್ಣು ಎಲ್ಲಿ ಮುಗಿದು ಗ್ಲೇಜ್ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ, ಎರಡೂ ಅಷ್ಟು ಬೆಸೆದುಕೊಂಡಿರುತ್ತವೆ. ಒಳಗೋಡೆಯಲ್ಲಿ ತಿಗರಿಯ ಬೆರಳಗುರುತು ಸುತ್ತು ಸುತ್ತಾಗಿ ಸಿಗಬೇಕು. ಅಚ್ಚಿಗೆ ತೆಳು ಮಣ್ಣು ಸುರಿದು ಮಾಡಿದ ಇತ್ತೀಚಿನ ಮಾಲಿನಲ್ಲಿ ಗೋಡೆ ಎಲ್ಲೆಡೆ ಒಂದೇ ದಪ್ಪ, ಹೊರಗಿನ ಉಬ್ಬುತಗ್ಗು ಒಳಗೂ ಪಡಿಮೂಡಿರುತ್ತದೆ, ಹಿಡಿ ಪೊಳ್ಳಾಗಿರುವುದೂ ಉಂಟು. ಹಳೆಯ ಹಿಡಿ ಗಟ್ಟಿ: ಅಚ್ಚಿನಲ್ಲಿ ಒತ್ತಿ ತೆಗೆದು, ನೀರುಮಣ್ಣಿನಿಂದ ಒಡಲಿಗೆ ಅಂಟಿಸಿ ಸುಟ್ಟದ್ದು. ಕಳಚಿಕೊಳ್ಳುವುದೂ ಆ ಕೂಡುವ ಜಾಗದಲ್ಲೇ. ಬೇರೆ ಬೇರೆ ಹದದಲ್ಲಿ ಒಣಗಿದ ಎರಡು ಮಣ್ಣು ಕೂಡಿದ ಕಡೆ ಸಣ್ಣ ಗಾಳಿಪದರ ಉಳಿದಿರುತ್ತದೆ.

ಪಾದದೊಳಗೆ ಆರು ಅಕ್ಷರಗಳ ಷುವಾಂದೆ ಮುದ್ರೆ ಒತ್ತಿದೆ. ಷುವಾಂದೆ ಎಂಬುದು ಮಿಂಗ್ ಚಕ್ರವರ್ತಿಯೊಬ್ಬನ ಆಳ್ವಿಕೆಯ ಹೆಸರು, ಕಾಲ 1426ರಿಂದ 1435ರವರೆಗೆ. ಆ ಕಾಲದ ಕಂಚಿನ ಧೂಪದಾನಿಗಳ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ ನಂತರದ ಶತಮಾನಗಳಲ್ಲೂ ಅದೇ ಮುದ್ರೆ ಒತ್ತುತ್ತ ಹೋದರು. ಹಾಗಾಗಿ ಈ ಮುದ್ರೆ ನೋಡಿ ಕಾಲ ಹೇಳಬೇಡಿ, ನಕಲಿ ಎಂದು ಬಿಸಾಡಲೂ ಬೇಡಿ. ಪಾದದ ಅಂಚಿನಲ್ಲಿರುವ ಎರಡು ಕಪ್ಪು ಸೀಳುಗಳು ಸುಡುವಾಗಲೇ ಬಂದವು. ಅಂಚು ದುಂಡಗಿದೆ, ಗ್ಲೇಜ್ ಒಳಕ್ಕೆ ಇಳಿದಿದೆ. ಅವು ಪೆಟ್ಟಿನ ಬಿರುಕುಗಳಲ್ಲ, ಹಾಗೇ ಬಿಟ್ಟಿದೆ.

ಬಿಳುಪಿನ ಸಮಸ್ಯೆ

ನೀಲಿ ಚಿತ್ರವಿರುವ ಪಿಂಗಾಣಿಯಲ್ಲಿ ಒಂದು ಕೂಡುಗೆರೆ ಬಳ್ಳಿಯ ಮರೆಯಲ್ಲಿ ಅಡಗುತ್ತದೆ. ಇಲ್ಲಿ ಅಡಗಲು ಏನೂ ಇಲ್ಲ. ಮೇಲಾಗಿ ಈ ಬಿಳುಪು ಮೇಲ್ಮೈಯದಲ್ಲ. ದೆಹುವಾ ಮಣ್ಣಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಸುಟ್ಟಾಗ ಒಡಲೇ ಗಾಜಿನಂತಾಗಿ ಬೆಳಕನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಮಿಂಗ್ ಕಾಲದಲ್ಲಿ ಆವಿಗೆಯೊಳಗೆ ಗಾಳಿ ಆಡುವಂತೆ ಸುಟ್ಟಿದ್ದರಿಂದ ಉಳಿದ ಚೂರು ಕಬ್ಬಿಣ ಬೆಚ್ಚನೆಯ ದಂತದ ಬಣ್ಣ ಕೊಟ್ಟಿತು. ಗಾಳಿ ಕಟ್ಟಿ ಸುಟ್ಟ, ಚೀನಾದ ಇನ್ನೊಂದು ಪಿಂಗಾಣಿ ಊರಾದ ಜಿಂಗ್‌ದೆಝೆನ್ ಮಾಲಿಗೆ ನೀಲಿ ಛಾಯೆ ಬಂತು. ಛಿಂಗ್ ಕಾಲ ಮುಂದುವರಿದಂತೆ ದೆಹುವಾದ ಬಿಳುಪೂ ತಣ್ಣಗಾಯಿತು.

ಇದರಿಂದ ರಿಪೇರಿಗೆ ಬರುವ ತೀರ್ಮಾನ ಒಂದೇ: ಬಣ್ಣ ಬಳಿಯುವುದು ಪರಿಹಾರವಲ್ಲ. ಬಿಳಿ ಬಣ್ಣ ಹಚ್ಚಿದ ಜಾಗ ಎದುರು ಬೆಳಕಿನಲ್ಲಿ ಸರಿಯಾಗಿ ಕಂಡರೂ, ಹಿಂದಿನಿಂದ ಬೆಳಕು ಬಿದ್ದೊಡನೆ ಕಪ್ಪು ಮಚ್ಚೆಯಾಗುತ್ತದೆ. ಅಂಟು, ಭರ್ತಿ, ಹೊಸ ಹಿಡಿ ಎಲ್ಲವೂ ಬೆಳಕು ಬಿಡುವ ವಸ್ತುವಿನಿಂದಲೇ ಆಗಬೇಕು.

ಹಳೆಯ ಅಂಟು

ಕತ್ತಲ ಕೋಣೆಯಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಹಿಡಿದಾಗ ಎರಡು ಕೂಡುಗೆರೆಗಳು ಕಿತ್ತಳೆ ಬಣ್ಣದಲ್ಲಿ ಹೊಳೆದವು: ಅರಗು. ಮೂರನೆಯದು ಹಾಲುನೀಲಿ. ಸರೇಸೂ (ಪ್ರಾಣಿಮೂಲದ ಅಂಟು) ನೀಲಿಯಾಗಿಯೇ ಹೊಳೆಯುವುದರಿಂದ ಒಂದು ಹನಿ ಬಿಸಿನೀರು ಇಟ್ಟು ನೋಡಬೇಕು. ಸರೇಸಾದರೆ ಮೆತ್ತಗಾಗಿ ಅಂಟಂಟಾಗುತ್ತದೆ. ಇದು ಆಗಲಿಲ್ಲ, ಆದ್ದರಿಂದ ಎಪಾಕ್ಸಿ, ಅಂದರೆ ರಾಳ ಮತ್ತು ಗಟ್ಟಿಕಾರಕ ಬೆರೆಸಿ ಮಾಡುವ ಅಂಟು. ಟಾರ್ಚು ಇನ್ನೊಂದನ್ನೂ ತೋರಿಸಿತು. ಕೂಡುಗೆರೆಯ ಇಕ್ಕೆಲದಲ್ಲಿ ಎರಡು ಬೆರಳಗಲ ಮಂಕಾದ ಪಟ್ಟಿ. ಬಿರುಕು ಮುಚ್ಚಲು ಸಿಂಪಡಿಸಿದ ಬಣ್ಣ ಒಳ್ಳೆಯ ಗ್ಲೇಜನ್ನೂ ನುಂಗಿತ್ತು. ಮಾರುಕಟ್ಟೆಯಲ್ಲಿ ‘ಕುಂದಿಲ್ಲದ್ದು’ ಎಂದು ಬರುವ ಬಿಳಿ ಪಿಂಗಾಣಿಯಲ್ಲಿ ಇಂಥದ್ದು ಬಹಳ. ಕೊಳ್ಳುವವರು ಟಾರ್ಚ್ ಇಲ್ಲದೆ ಹೋಗಬಾರದು. ಟಾರ್ಚ್ ಇಲ್ಲದಿದ್ದರೆ ಹಲ್ಲಿಗೆ ಮೆಲ್ಲಗೆ ತಾಗಿಸಿದರೂ ತಿಳಿಯುತ್ತದೆ, ಗ್ಲೇಜ್ ಗಾಜಿನಂತೆ ಜಾರುತ್ತದೆ, ಬಣ್ಣ ಪ್ಲಾಸ್ಟಿಕ್ಕಿನಂತೆ ಹಿಡಿಯುತ್ತದೆ.

ಮೊದಲು ಬೂದಿ. ಒಣಗಿದ್ದಾಗಲೇ ಮೆತ್ತನೆಯ ಬ್ರಷ್ಷಿನಿಂದ ಸಡಿಲಿಸಿ ವ್ಯಾಕ್ಯೂಮಿನಿಂದ ಎಳೆಯಬೇಕು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇರುತ್ತದೆ. ನೀರು ಬಿದ್ದರೆ ಕ್ಷಾರದ ದ್ರಾವಣವಾಗಿ ಬಿರುಕಿಗೆ ಇಳಿಯುತ್ತದೆ, ಒಣಗಿದ ಮೇಲೆ ಉಪ್ಪಾಗಿ ಅಲ್ಲೇ ಕೂರುತ್ತದೆ. ನೀರು ಸೋಕಿಸುವ ಮುನ್ನ ಹೊರಮೈಯನ್ನು ಲೂಪಿನಲ್ಲಿ ಇಂಚಿಂಚಾಗಿ ನೋಡಿ. ಕೆಲವು ದೆಹುವಾ ವಸ್ತುಗಳ ಮೇಲೆ ಸುಡದೆ ಹಚ್ಚಿದ ಕೆಂಪು, ಚಿನ್ನದ ಬಣ್ಣದ ಕುರುಹು ಉಳಿದಿರುತ್ತದೆ, ಅಸಿಟೋನ್ ತಾಗಿದರೆ ಅದು ಶಾಶ್ವತವಾಗಿ ಹೋಯಿತು. ಇದರ ಮೇಲೆ ಏನೂ ಇರಲಿಲ್ಲ.

ಸಿಂಪಡಿಸಿದ ಬಣ್ಣ ಅಸಿಟೋನ್ ಹತ್ತಿಗೆ ಬಂತು. ಅರಗಿನ ಕೂಡುಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಹತ್ತಿಪಟ್ಟಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ರಾತ್ರಿಯಿಡೀ ಬಿಡಬೇಕು. ತೀರ ಹಳೆಯ ಅರಗು ಕರಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದಷ್ಟೆ. ಆಗ ಸರ್ಜಿಕಲ್ ಬ್ಲೇಡಿನಿಂದ ಎಬ್ಬಿಸಬಹುದು. ಎಪಾಕ್ಸಿಗೆ ತಾಳ್ಮೆ ಬೇಕು. ಬಿಗಿ ಮುಚ್ಚಳದ ಪಾಲಿಥೀನ್ ಡಬ್ಬಿಯಲ್ಲಿ, ಕೂಡಿನ ಎರಡೂ ಬದಿಗೆ ಅಸಿಟೋನ್ ಹತ್ತಿ ಒತ್ತಿ, ದಿನಕ್ಕೊಮ್ಮೆ ಹತ್ತಿ ಬದಲಿಸುತ್ತ ಹೋದರೆ ಎಪಾಕ್ಸಿ ಉಬ್ಬಿ ತಾನಾಗಿ ಹಿಡಿತ ಬಿಡುತ್ತದೆ. ಚೂರನ್ನು ಬಗ್ಗಿಸಿ ಬಿಡಿಸಬಾರದು. ಹೊಸ ಚಕ್ಕೆ ಹಾರುವುದು ಹಾಗೆಯೇ. ಡೈಕ್ಲೋರೋಮೀಥೇನ್ ಇರುವ ಪೇಂಟ್ ರಿಮೂವರ್ ಬೇಗ ಕೆಲಸ ಮಾಡುತ್ತದೆ, ಆದರೆ ಅದರ ಹಬೆ ವಿಷ, ಸಾಧಾರಣ ನೈಟ್ರೈಲ್ ಗ್ಲೌಸನ್ನು ದಾಟಿ ಬರುತ್ತದೆ, ಮನೆಯಲ್ಲಿ ಬೇಡ. ಅಸಿಟೋನಿನ ಹಬೆ ನೆಲದ ಮಟ್ಟದಲ್ಲಿ ಹರಿದು ದೂರದ ಬೆಂಕಿಯನ್ನೂ ಹಿಡಿಯುತ್ತದೆ. ಪಕ್ಕದ ದೇವರಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಆ ಹೊತ್ತಿಗೆ ಡಬ್ಬಿ ತೆರೆಯಬೇಡಿ.

ಕಲೆ ತೆಗೆಯುವುದು

ಬಿಟ್ಟುಬಂದ ಅಂಚುಗಳಲ್ಲಿ ಕಂದುಗೆರೆ. ಬಿಳಿ ಪಿಂಗಾಣಿಯಲ್ಲಿ ಈ ಗೆರೆ ಹೋಗದಿದ್ದರೆ ಎಷ್ಟು ಬಿಗಿಯಾಗಿ ಕೂಡಿಸಿದರೂ ಕೂದಲಿನಂತೆ ಕಾಣುತ್ತಲೇ ಇರುತ್ತದೆ. ಔಷಧಿ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡ್, 100 ಮಿ.ಲೀ.ಗೆ ಎರಡು ಹನಿ ಅಮೋನಿಯಾ. ಚೂರನ್ನು ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ತೆಗೆಯಬೇಕು. ಒಣ ಚೂರಿಗೆ ಹಚ್ಚಿದರೆ ದ್ರಾವಣ ಕಲೆಯನ್ನೇ ಹೊತ್ತು ಒಳಕ್ಕೆ ಓಡುತ್ತದೆ. ಆಮೇಲೆ ಹತ್ತಿಪಟ್ಟಿ ಅಂಚಿಗೆ ಒತ್ತಿ ಕ್ಲಿಂಗ್ ಫಿಲ್ಮ್ ಸುತ್ತಿ. ಹತ್ತಿ ಒಣಗುವ ಮುನ್ನ ಬದಲಿಸಿ. ಕಲೆ ತಿಳಿಯಾದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ, ನೀರು ಬದಲಿಸುತ್ತ, ಎರಡು ದಿನ ನೆನೆಯಲಿ.

ಎರಡು ಎಚ್ಚರಿಕೆ. ಕಬ್ಬಿಣದ ಕೊಕ್ಕೆ ಹಾಕಿದ ಹಳೆಯ ರಿಪೇರಿಯಾದರೆ ತುಕ್ಕಿನ ಕಲೆಯನ್ನು ಮೊದಲು ಇಡಿಟಿಎ (ಲೋಹವನ್ನು ಹಿಡಿದು ಕರಗಿಸುವ ರಾಸಾಯನಿಕ) ದ್ರಾವಣದಿಂದ ತೆಗೆದು ನಂತರವೇ ಪೆರಾಕ್ಸೈಡ್. ಕಬ್ಬಿಣ ಪೆರಾಕ್ಸೈಡನ್ನು ಕ್ಷಣದಲ್ಲಿ ಒಡೆದು ನೊರೆಯೆಬ್ಬಿಸುತ್ತದೆ, ಕಲೆಗೆ ಏನೂ ಉಳಿಯದು. (ಅಂಥ ಕೊಕ್ಕೆಗಳು ಇನ್ನೂ ಬಿಗಿಯಾಗಿದ್ದರೆ ತೆಗೆಯದಿರುವುದೇ ಮೇಲು. ಚೀನಾದಲ್ಲಿ ಅದೊಂದು ನುರಿತ ಕಸುಬು, ಆ ಕೊಕ್ಕೆಯೂ ವಸ್ತುವಿನ ಚರಿತ್ರೆಯೇ.) ಇನ್ನೊಂದು, ಬಟ್ಟೆ ಬಿಳುಪಾಗಿಸುವ ಕ್ಲೋರಿನ್ ಬ್ಲೀಚ್ ಯಾವ ಕಾರಣಕ್ಕೂ ಬೇಡ, ಅದು ಬಿಟ್ಟುಹೋಗುವ ಉಪ್ಪು ತೊಳೆದು ಮುಗಿಯುವುದಿಲ್ಲ.

ಒಳಗಿನ ಧೂಪದ ಪೊರೆಯನ್ನು ಗೋಡೆಯ ಮೇಲ್ಭಾಗದಲ್ಲಿ ಮಾತ್ರ, ಆಲ್ಕೊಹಾಲ್ ಮತ್ತು ನೀರು ಸಮಪಾಲು ಬೆರೆಸಿ ಸ್ವಚ್ಛ ಮಾಡಿದ್ದು. ತಳದಲ್ಲಿ ಗ್ಲೇಜ್ ನಿಂತ ಕೆಳಗಿನ ಒರಟು ಮಣ್ಣಿನಲ್ಲಿ ಮಸಿ ಉಳಿಸಿದೆ. ಪಾತ್ರೆ ನಿಜಕ್ಕೂ ಧೂಪಕ್ಕೆ ಬಳಕೆಯಾಗಿತ್ತೆಂಬುದಕ್ಕೆ ಅದೊಂದೇ ಆಧಾರ, ಉಜ್ಜಿ ತೆಗೆದರೆ ಮತ್ತೆ ಬಾರದು.

ಒಣ ಜೋಡಣೆ, ನಂತರ ಅಂಟು

ಚೂರುಗಳು ಪೂರ್ತಿ ಒಣಗಬೇಕು. ಮಳೆಗಾಲದ ಮಂಗಳೂರಿನಂಥ ಊರಿನಲ್ಲಿ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ವಾರ ಇಡುವುದು ಕ್ಷೇಮ. ಅಂಚನ್ನು ಅಸಿಟೋನಿನಿಂದ ಒರೆಸಿದ ಮೇಲೆ ಬರಿಗೈ ತಾಗಬಾರದು. ಬೆರಳಿನ ಜಿಡ್ಡು ಇದ್ದ ಕಡೆ ಅಂಟು ಹರಿಯದೆ ನಿಲ್ಲುತ್ತದೆ.

ಅಂಟು ಹಚ್ಚಿ ಜೋಡಿಸುವುದಲ್ಲ, ಜೋಡಿಸಿ ಅಂಟು ಬಿಡುವುದು: ಈ ಕೆಲಸದ ಜೀವ ಇಲ್ಲಿದೆ. ನಾಲ್ಕೂ ಚೂರುಗಳನ್ನು ಒಣದಾಗಿ ಕೂಡಿಸಿ, ಬಿರುಕಿಗೆ ಅಡ್ಡಲಾಗಿ 2 ಸೆಂ.ಮೀ.ಗೊಂದು ಮ್ಯಾಜಿಕ್ ಟೇಪ್ ಪಟ್ಟಿ, ಒಳಗೂ ಹೊರಗೂ. ಒಂದು ತುದಿ ಒತ್ತಿ, ಟೇಪನ್ನು ಎಳೆದು ಬಿಗಿ ಮಾಡಿ ಇನ್ನೊಂದು ತುದಿ ಒತ್ತಬೇಕು. ಬ್ಲೇಡಿನ ತುದಿಯನ್ನು ಗೆರೆಯ ಮೇಲೆ ಎರಡೂ ದಿಕ್ಕಿಗೆ ಎಳೆದು ನೋಡಿ. ಒಂದೇ ದಿಕ್ಕಿಗೆ ತಡೆದರೆ ಅಲ್ಲಿ ಮೆಟ್ಟಿಲಿದೆ. ಜೋಡಿಸುವ ಕ್ರಮಕ್ಕೆ ಚೂರುಗಳಿಗೆ ಪೆನ್ಸಿಲ್ ಅಂಕಿ ಹಾಕಿದ ಟೇಪ್ ಹಚ್ಚಿಕೊಳ್ಳಿ. ಇಲ್ಲಿ ಪಾದದ ಚೂರು ಮೊದಲು, ಕಂಠದ ಬೆಣೆಯಾಕಾರದ್ದು ಕೊನೆಗೆ. ತಿರುವುಮುರುವಾದರೆ ಕೊನೆಯ ಚೂರಿಗೆ ದಾರಿಯೇ ಇರುವುದಿಲ್ಲ.

ಪಾದದ ಬಳಿ ಗೆರೆ ಎಷ್ಟು ಒತ್ತಿದರೂ ಕೂದಲೆಳೆಯಷ್ಟು ತೆರೆದೇ ಇತ್ತು. ಸುಟ್ಟು ಆರುವಾಗ ಒಡಲಲ್ಲಿ ಉಳಿದ ಎಳೆತ ಒಡೆದಾಗ ಬಿಡುಗಡೆಯಾಗಿ ಚೂರು ತುಸು ಬಿಚ್ಚಿಕೊಂಡಿದೆ. ಕ್ಲಾಂಪ್ ಹಾಕಿ ಬಲವಂತ ಮಾಡಿದರೆ ಬಿರುಕು ಮುಂದಕ್ಕೆ ಓಡುತ್ತದೆ. ಇದರಿಂದ ಬರುವ ಮೆಟ್ಟಿಲನ್ನು ಪಾದದ ಕಡೆಗೆ ತಳ್ಳಿ, ಕಂಠದಲ್ಲಿ ಸಮ ಬರುವಂತೆ ಹೊಂದಿಸಲಾಯಿತು.

ಅಂಟು ಎಚ್‌ಎಕ್ಸ್‌ಟಾಲ್ ಎನ್‌ವೈಎಲ್-1 ಎಂಬ ಎಪಾಕ್ಸಿ. ನೀರಿನಂತೆ ತೆಳು, ಬೆಳಕಿಗೆ ಹಳದಿಯಾಗುವುದು ಬಹಳ ನಿಧಾನ, ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.52 ಇರುವುದರಿಂದ ಪಿಂಗಾಣಿಯೊಳಗೆ ಮಾಯವಾಗುತ್ತದೆ. ಅರಾಲ್ಡೈಟ್ 2020 ಇನ್ನೊಂದು ಆಯ್ಕೆ, ರಾಳ 100 ಭಾಗಕ್ಕೆ ಗಟ್ಟಿಕಾರಕ 30. ಬೇಗ ಗಟ್ಟಿಯಾಗುತ್ತದೆ, ಆದರೆ ಹಳದಿಯಾಗುವುದೂ ಬೇಗ. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಎಪಾಕ್ಸಿ ಮತ್ತು ಸೂಪರ್ ಗ್ಲೂ ಎರಡೂ ಈ ಕೆಲಸಕ್ಕಲ್ಲ.

ಎಚ್‌ಎಕ್ಸ್‌ಟಾಲ್‌ಗೆ ತೂಕದಲ್ಲಿ 3:1. ಚಿನ್ನ ತೂಗುವಂಥ 0.01 ಗ್ರಾಂ ತಕ್ಕಡಿಯಲ್ಲಿ ರಾಳ 3.00 ಗ್ರಾಂ, ಗಟ್ಟಿಕಾರಕ 1.00 ಗ್ರಾಂ. ಹನಿ ಎಣಿಸಿ ಹಾಕಬೇಡಿ; ಅನುಪಾತ ತಪ್ಪಿದರೆ ವಾರ ಕಳೆದರೂ ಅಂಟಂಟಾಗಿಯೇ ಉಳಿಯುತ್ತದೆ. ರಾಳ ಬಾಟಲಿಯಲ್ಲಿ ಹರಳುಗಟ್ಟಿ ಮಂಜಾಗಿದ್ದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ತಿಳಿಯಾಗುವವರೆಗೆ ಕಾಯಿಸಿ, ಆರಿದ ಮೇಲೆ ತೂಗಿ. ನಿಧಾನ ಕಲಸಿ, ಗುಳ್ಳೆ ಏರಿ ಒಡೆಯಲು ಅರ್ಧ ಗಂಟೆ ಬಿಡಿ.

ಪಾತ್ರೆಯನ್ನು ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿ, ಟೇಪುಗಳ ನಡುವೆ ಗೆರೆಯ ಮೇಲೆ ಮರದ ಕಡ್ಡಿಯ ತುದಿಯಿಂದ ಸಣ್ಣ ಹನಿ. ಬಿರುಕು ಹನಿಯನ್ನು ತಾನೇ ಹೀರುತ್ತದೆ. ಹೊರಗಿನಿಂದ ಮಾತ್ರ ಬಿಡಬೇಕು; ಎರಡೂ ಬದಿಯಿಂದ ಬಿಟ್ಟರೆ ನಡುವೆ ಗಾಳಿ ಸಿಕ್ಕಿಕೊಂಡು ಬೂದುಬಣ್ಣದ ಮಚ್ಚೆಯಾಗುತ್ತದೆ. ಒಳಗೋಡೆಯಲ್ಲಿ ಒದ್ದೆ ಗೆರೆ ಕಂಡರೆ ತುಂಬಿದೆ ಎಂದರ್ಥ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಸುತ್ತು ಬನ್ನಿ, ಮೊದಲ ಹನಿಗಳು ಇಳಿದು ಮೇಲೆ ಖಾಲಿಯಾಗಿರುತ್ತದೆ. ಚೆಲ್ಲಿದ್ದನ್ನು ಅಸಿಟೋನಿನಿಂದ ಒರೆಸಲು ಹೋಗಬೇಡಿ, ದ್ರಾವಕ ಕೂಡಿನೊಳಗೆ ಓಡುತ್ತದೆ. ಎರಡು ದಿನಕ್ಕೆ ಅದು ರಬ್ಬರಿನ ಹದಕ್ಕೆ ಬರುತ್ತದೆ; ಆಗ ಬ್ಲೇಡನ್ನು ಗ್ಲೇಜಿಗೆ ಮಲಗಿಸಿ ಹಿಡಿದು ಸೀಳಿ ತೆಗೆಯಬಹುದು. ಪೂರ್ತಿ ಗಟ್ಟಿಯಾಗಲು 22–24 ಡಿಗ್ರಿಯಲ್ಲಿ ಒಂದು ವಾರ.

ಬಾಯಂಚಿನ ಚಕ್ಕೆ

ಒಳಬದಿಗೆ ದಂತವೈದ್ಯರ ಮೇಣದ ಹಾಳೆ ಬೆಚ್ಚಗೆ ಮಾಡಿ ಒತ್ತಿ ತಡೆಗೋಡೆ. ಭರ್ತಿಗೆ ಅದೇ ಎಪಾಕ್ಸಿಗೆ ಫ್ಯೂಮ್ಡ್ ಸಿಲಿಕಾ (ತೀರ ನಯವಾದ ಹಗುರ ಪುಡಿ) ಸೇರಿಸುತ್ತ ಗಟ್ಟಿ ಮೊಸರಿನ ಹದ ಬರುವವರೆಗೆ ಕಲಸಬೇಕು. ಮಾಸ್ಕ್ ಕಡ್ಡಾಯ, ಆ ಪುಡಿ ಉಸಿರಿಗೇ ಹಾರುತ್ತದೆ. ಬಣ್ಣ ಒಣಪುಡಿಯದು: ಹಳದಿ ಓಕರ್, ರಾ ಅಂಬರ್, ತೀರ ಸ್ವಲ್ಪ ಟೈಟಾನಿಯಂ ವೈಟ್. ಟೈಟಾನಿಯಂ ಚಿಟಿಕೆ ಹೆಚ್ಚಾದರೂ ಭರ್ತಿ ಸುಣ್ಣದಂತೆ ಬೆಳಕು ತಡೆಯುತ್ತದೆ. ಬೆಳಕು ಬಿಡುವ ಗುಣ ಮೊದಲು, ಬಣ್ಣ ಆಮೇಲೆ: ಈ ಕ್ರಮ ಬಿಟ್ಟವರೇ ಕೊನೆಗೆ ಸ್ಪ್ರೇ ಗನ್ ಹಿಡಿಯುವುದು.

ನೇರ ಭರ್ತಿ ಮಾಡದೆ ಮೊದಲು ಮಾದರಿ ಬಿಲ್ಲೆಗಳು. ಪಾಲಿಥೀನ್ ಹಾಳೆಯ ಮೇಲೆ 4 ಮಿ.ಮೀ. ದಪ್ಪ, ಅಂದರೆ ಕಂಠದಷ್ಟೇ ದಪ್ಪ, ಪುಡಿಯ ಪ್ರಮಾಣ ಬರೆದಿಟ್ಟುಕೊಂಡು ಆರು ಬಿಲ್ಲೆ. ಗಟ್ಟಿಯಾದ ಮೇಲೆ ಪಾತ್ರೆಯ ಪಕ್ಕ ಹಿಡಿದು ಮೂರು ಬೆಳಕಿನಲ್ಲಿ ನೋಡಬೇಕು: ಉತ್ತರದ ಕಿಟಕಿಯ ಹಗಲು, ಹಳದಿ ಬಲ್ಬು, ಹಿಂದಿನಿಂದ ಎಲ್‌ಇಡಿ. ಹಗಲಿನಲ್ಲಿ ಒಂದೇ ಆಗಿ ಕಂಡು ಬಲ್ಬಿನಲ್ಲಿ ಹಸಿರಾಗುವ ಮಿಶ್ರಣಗಳು ಬೇಕಾದಷ್ಟು. ಇಲ್ಲಿ ಗೆದ್ದದ್ದು ಟೈಟಾನಿಯಂ ಸೂಜಿಮೊನೆಯಷ್ಟೇ ಇದ್ದ, ಅಂಬರಿಗಿಂತ ಓಕರ್ ಹೆಚ್ಚಿದ್ದ ಬಿಲ್ಲೆ.

ಮುರಿದ ಅಂಚಿಗೆ ಮೊದಲು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ತೆಳು ಲೇಪ, ಅಸಿಟೋನಿನಲ್ಲಿ 10%. ಮುಂದೆ ಯಾರಾದರೂ ಭರ್ತಿ ತೆಗೆಯಬೇಕಾದರೆ ಅಸಿಟೋನ್ ಈ ಪದರವನ್ನು ಕರಗಿಸಿದರೆ ಸಾಕು. ಭರ್ತಿಯನ್ನು ತುಸು ಎತ್ತರಕ್ಕೆ ಬಿಟ್ಟು, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಇಳಿಸಿ, ಮೈಕ್ರೋಮೆಶ್ ಎಂಬ ನಯವಾದ ಉಜ್ಜುಬಟ್ಟೆಯಲ್ಲಿ 3200ರಿಂದ 12000ರವರೆಗೆ ಉಜ್ಜಿ ಮೆರುಗು ಕೊಡಲಾಯಿತು. ಆ ಬಟ್ಟೆಯ ಹರಳು ಗ್ಲೇಜಿಗಿಂತ ಗಟ್ಟಿ, ಪಕ್ಕದ ಹಳೆಯ ಮೈಗೆ ಗೀರು ಬೀಳುತ್ತದೆ. ಅಂಚಿನವರೆಗೆ ಟೇಪ್ ಹಚ್ಚಿ, ಕೊನೆಯ ಅರ್ಧ ಮಿ.ಮೀ. ಬ್ಲೇಡಿನಲ್ಲೇ ಮುಗಿಸಿ.

ಕಾಣೆಯಾದ ಸಿಂಹಮುಖ

ಹೊಸ ಹಿಡಿ ಮಾಡಬೇಕೇ ಎಂಬುದಕ್ಕೆ ಇಲ್ಲಿ ಉತ್ತರ ಸುಲಭ: ಜೊತೆಯದು ಕಣ್ಣೆದುರಿಗಿದೆ, ಊಹೆ ಬೇಕಿಲ್ಲ. ಎರಡೂ ಹೋಗಿದ್ದರೆ ಮಾಡದೆ ಬಿಡುವುದೇ ಸರಿ. ಮರದ ಮುಚ್ಚಳ ಮಾಡಿಸಿ ಎಂಬ ಸಲಹೆಗೂ ಬೇಡ ಎಂದೇ ಉತ್ತರ. ಅಂಥವು ಬಹುಮಟ್ಟಿಗೆ ನಂತರ ಸೇರಿಕೊಂಡವು.

ಉಳಿದ ಸಿಂಹಮುಖದ ಅಚ್ಚಿಗೆ ದಂತವೈದ್ಯರು ಬಳಸುವ ಎರಡು ಭಾಗದ ಸಿಲಿಕೋನ್, 1:1. ಲೇಟೆಕ್ಸ್ ಗ್ಲೌಸ್ ಹಾಕಿ ಕಲಸಿದರೆ ಅದರಲ್ಲಿರುವ ಗಂಧಕ ಸಿಲಿಕೋನ್ ಗಟ್ಟಿಯಾಗಲು ಬಿಡುವುದಿಲ್ಲ, ನೈಟ್ರೈಲ್ ಬಳಸಿ. ದವಡೆಯ ಕೆಳಗಿನ ಟೊಳ್ಳನ್ನು ಮೇಣದಿಂದ ಮುಚ್ಚದಿದ್ದರೆ ಅಚ್ಚು ಅಲ್ಲಿ ಸಿಕ್ಕಿಬಿದ್ದು, ಎಳೆದಾಗ ಹಳೆಯ ಹಿಡಿಯೂ ಕಿತ್ತುಬರಬಹುದು. ಗ್ಲೇಜ್ ಇಲ್ಲದ ಚುಕ್ಕೆಗಳಿಗೆ ಮೊದಲೇ ಬಿ-72 ಹಚ್ಚಿಡಿ, ಇಲ್ಲವಾದರೆ ಸಿಲಿಕೋನಿನ ಎಣ್ಣೆ ಇಳಿದು ಹೋಗದ ಕಲೆ. ಕೇಸರದ ಗೆರೆಗಳಿಗೆ ತೆಳು ಸಿಲಿಕೋನನ್ನು ಬ್ರಷ್ಷಿನಿಂದ ತುಂಬಿ, ಅದರ ಮೇಲೆ ಗಟ್ಟಿಯದನ್ನು ಒತ್ತಬೇಕು.

ಎರಕಕ್ಕೆ ಭರ್ತಿಯದೇ ಮಿಶ್ರಣ, ಸಿಲಿಕಾ ತುಸು ಕಡಿಮೆ. ಹಿಂಬದಿಯ ಬಾಗು ಒಡಲಿಗೆ ಕೂರಬೇಕು. ಒಡಲಿನ ಗುರುತಿನ ಮೇಲೆ ಕ್ಲಿಂಗ್ ಫಿಲ್ಮ್ ಹಾಸಿ, ಎಪಾಕ್ಸಿ ಮೆತ್ತಗಿರುವಾಗಲೇ ಅಚ್ಚುಸಮೇತ ಒತ್ತಿಟ್ಟರೆ ಬಾಗು ತಾನಾಗಿ ಬರುತ್ತದೆ. ಎತ್ತರವನ್ನು ಬಾಯಂಚಿನಿಂದ ಅಳೆದು ಹೊಂದಿಸಿ, ಕಣ್ಣಳತೆ ನಂಬಬೇಡಿ. ಹಳೆಯ ಕೆಲಸಗಾರರು ಎರಡೂ ಹಿಡಿಗಳನ್ನು ಕರಾರುವಾಕ್ಕಾಗಿ ಎದುರುಬದುರು ಕೂರಿಸಿರುವುದಿಲ್ಲ, ಆದ್ದರಿಂದ ಒರಟು ಗುರುತೇ ಪ್ರಮಾಣ. ಅಂಟಿಸಿದ್ದು ಬಿ-72ರಿಂದ, ತೂಕದಲ್ಲಿ ಅರ್ಧಕ್ಕರ್ಧ ಅಸಿಟೋನ್. ಒಡಲಿನ ಕೂಡುಗಳಿಗೆ ತೊಂದರೆಯಾಗದಂತೆ ಹಿಡಿಯೊಂದನ್ನೇ ಬೇಕೆಂದಾಗ ಬಿಡಿಸಬಹುದು.

ಇಷ್ಟಾದ ಮೇಲೆ ಕುಂಚದ ಕೆಲಸ ಉಳಿದದ್ದು ಭರ್ತಿಯ ಮೇಲೆ ಎರಡು ಮೋಡದಂಥ ಛಾಯೆ ಮತ್ತು ಕೇಸರದ ತಗ್ಗುಗಳಲ್ಲಿ ಗ್ಲೇಜ್ ಮಡುಗಟ್ಟಿದ ಹಳದಿ, ಅಷ್ಟೆ. ಬಿ-72ರಲ್ಲಿ ಕಲಸಿದ ಒಣಪುಡಿ. ಹಳೆಯ ಗ್ಲೇಜಿನ ಮೇಲೆ ಒಂದು ಚುಕ್ಕೆಯೂ ಇಲ್ಲ. ಅರ್ಧ ಮೀಟರಿನಿಂದ ಕೂಡುಗೆರೆ ಕಾಣುವುದಿಲ್ಲ. ಕೈಯಲ್ಲಿ ಹಿಡಿದರೆ ಪಾದದ ಮೆಟ್ಟಿಲು ಬೆರಳಿಗೆ ಸಿಗುತ್ತದೆ. ಅದನ್ನು ಮುಚ್ಚಬೇಕೆಂದರೆ ಪಕ್ಕದ ಹಳೆಯ ಮೈಯನ್ನೂ ಹೂತುಹಾಕಬೇಕಿತ್ತು. ಯುವಿಯಲ್ಲಿ ಭರ್ತಿ, ಹಿಡಿ, ಗೆರೆ ಎಲ್ಲವೂ ಸ್ಪಷ್ಟವಾಗಿ ಬೇರೆ ಹೊಳೆಯುತ್ತವೆ, ಹಾಗೆಯೇ ಇರಬೇಕು. ಬಳಸಿದ ವಸ್ತುಗಳ ಪಟ್ಟಿ ಮತ್ತು ಚೂರುಗಳ ಫೋಟೊ ಡಬ್ಬಿಯಲ್ಲೇ ಇದೆ. ಮುಂದೆ ಮಾರುವಾಗ ಕೊಳ್ಳುವವರಿಗೆ ಅದೂ ಸೇರಬೇಕು.

ಇದರಲ್ಲಿ ಇನ್ನು ಊದುಬತ್ತಿಯನ್ನಾಗಲಿ ಕೆಂಡವನ್ನಾಗಲಿ ಹಚ್ಚುವಂತಿಲ್ಲ. ಬಿ-72 ಸುಮಾರು 40 ಡಿಗ್ರಿಯಲ್ಲೇ ಮೆತ್ತಗಾಗಲು ಶುರುವಾಗುತ್ತದೆ, ಹೊಗೆಯ ಜಿಡ್ಡು ಎಪಾಕ್ಸಿಯನ್ನು ಕಂದಾಗಿಸುತ್ತದೆ. ಅದೇ ಕಾರಣಕ್ಕೆ ಏಪ್ರಿಲ್ ಬಿಸಿಲು ನೇರ ಬೀಳುವ ಕಿಟಕಿಯಲ್ಲೂ ಇಡಬಾರದು, ಕಲಬುರಗಿಯಲ್ಲಂತೂ ಗಾಳಿಯೇ ಆ ಶಾಖ ಮುಟ್ಟುತ್ತದೆ. ಎತ್ತುವಾಗ ಒಂದು ಕೈ ಪಾದದ ಕೆಳಗೆ, ಇನ್ನೊಂದು ಹೊಟ್ಟೆಗೆ. ಹಿಡಿಗಳನ್ನು ಹಿಡಿದು ಎತ್ತಬೇಡಿ, ಹಳೆಯದನ್ನಂತೂ ಮುಟ್ಟಲೇಬೇಡಿ.